ಪೈನ್ ಮರದ ಕಂದು ತುದಿ

ಈ ಮನುಷ್ಯನಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿಹೋಯ್ತು. ನಾವು ಗಂಡ ಹೆಂಡತಿ ಇಬ್ಬರಿಗೂ ಒಂದೇ ಶಾಲೆಯಲ್ಲಿ ಕೆಲಸ. ಅವರು ತೋಟ ನೋಡ್ಕೊಳ್ತಾರೆ, ನಾನು ಕಸ ಗುಡಿಸ್ತೀನಿ. ಅಂಗಳದ ಪೈನ್ ಮರ ಅವರು ಕೆಲಸಕ್ಕೆ ಸೇರಿದ ವರ್ಷ ನೆಟ್ಟಿದ್ದು. ಅದಕ್ಕೊಂದು ಗಾಯವಾದ್ರೆ ಈ ಮಹಾರಾಯನಿಗೆ ಊಟ ಸೇರಲ್ಲ.

ಆ ಮರ ಈಗ ಕಂದು ತಿರುಗಿದೆ. "ಸೋಮವಾರದೊಳಗೆ ಕಾರಣ ಹೇಳಿ, ಇಲ್ಲಾಂದ್ರೆ ಕಡಿಸ್ತೀನಿ. ಮಕ್ಕಳ ಮೇಲೆ ಬಿದ್ರೆ ಯಾರು ಹೊಣೆ?" ಅಂದುಬಿಟ್ರು ಹೆಡ್‌ಮೇಡಂ. ನಮ್ಮವರದ್ದು ಒಂದೇ ರಾಗ. "ಹಳೇ ಸೂಜಿ ಎಲೆ ಮೇಡಂ. ಮೂರ್ನಾಲ್ಕು ವರ್ಷ ಆದ್ಮೇಲೆ ಒಣಗಿ ಉದುರೋದು ಸಹಜ."

ಸಹಜವಂತೆ, ಮಣ್ಣು. ಹದಿನೆಂಟು ವರ್ಷದಿಂದ ಆ ಎಲೆ ಗುಡಿಸ್ತಿರೋಳು ನಾನು. ಪ್ರತಿ ವರ್ಷ ಒಳಗಿನದ್ದು ಒಣಗುತ್ತೆ, ಕೊಂಬೆ ತುದಿ ಹಸಿರಾಗೇ ಇರುತ್ತೆ. ಈ ಸಲ ತುದಿಯೇ ಕಂದು, ಪೊರಕೆಗೆ ಸಿಗ್ತಿರೋದು ಎಳೇ ಎಲೆ. ಕೈಯಲ್ಲಿ ಹಿಡಿದು ತೋರಿಸಿದ್ರೂ "ನಿನಗೇನು ಗೊತ್ತು" ಅಂತ ಮುಖ ತಿರುಗಿಸ್ತಾರೆ. ನನಗೆ ಮೈಯೆಲ್ಲ ಉರಿದುಹೋಯ್ತು.

ಶುಕ್ರವಾರ ಊಟದ ಹೊತ್ತಿಗೆ ಮರದ ಬುಡದ ಕಟ್ಟೆ ಮೇಲೆ ಕೂತೆ. ಹೋದ ವರ್ಷ ಅವರೇ ಕಟ್ಟಿದ್ದು. ಕಾಂಡದ ಸುತ್ತ ಮೊಣಕಾಲೆತ್ತರ ಮಣ್ಣು ತುಂಬಿ, ದಮ್ಮಸು ಹೊಡೆದು ಗಟ್ಟಿ ಮಾಡಿ, ಮೇಲೆ ಕಲ್ಲು ಹಾಸಿದ್ರು. ಸಂದಿಯಲ್ಲಿ ಬೆರಳಿಟ್ಟು ನೋಡಿದ್ರೆ ಜಿಗಿಜಿಗಿ ಕೆಸರು, ಕೊಳೆತ ವಾಸನೆ. ಬೇರಿಗೆ ಗಾಳಿಯೇ ಇಲ್ಲ, ಹಾಕಿದ ನೀರೆಲ್ಲ ಅಲ್ಲೇ ನಿಂತಿದೆ.

"ರೀ, ನಿಮ್ಮ ಕಟ್ಟೆಯೇ ಈ ಮರದ ಕತ್ತು ಹಿಸುಕ್ತಿದೆ."

ಪಕ್ಕದಲ್ಲಿ ಕೂತಿದ್ದ ನಮ್ಮವರು ಊಟದ ಡಬ್ಬಿ ಮುಚ್ಚಿದ್ರು. "ಗೊತ್ತು."

"ಯಾವಾಗಿಂದ?"

"ಒಂದು ತಿಂಗಳಾಯ್ತು."

"ಮತ್ತೆ ಮೇಡಂ ಮುಂದೆ ಹಳೇ ಎಲೆ ಪುರಾಣ ಯಾಕೆ? ಒಡೆದುಹಾಕೋಕೆ ಏನು ಧಾಡಿ ನಿಮಗೆ?"

"ಒಡೆದ್ರೆ ನೀನೆಲ್ಲಿ ಕೂರ್ತೀಯ? ಆ ಮಂಡಿನೋವಲ್ಲಿ ನೆಲದಿಂದ ಏಳೋದನ್ನ ನನ್ನ ಕೈಲಿ ನೋಡೋಕಾಗಲ್ಲ."

"ಪ್ರಪಂಚದಲ್ಲಿ ಕುರ್ಚಿ ಅಂತ ಒಂದಿದೆ, ಕೇಳಿದ್ದೀರಾ?"

"ಕಟ್ಟೆ ಕಟ್ಟೋಕೆ ಮುಂಚೆ ಕೇಳಿದ್ದೆ ಕಣೇ. ಗುಡಿಸೋರಿಗೆ ಕುರ್ಚಿ ಕೊಡೋ ಪದ್ಧತಿ ಇಲ್ಲ ಅಂದ್ರು ಮೇಡಂ."

ಅಳು ಬಂತು, ಸಿಟ್ಟೂ ಬಂತು. ಮರಕ್ಕಿಂತ ಹೆಚ್ಚು ಈ ಮನುಷ್ಯನ ಮೇಲೆ ಮರುಕ ಬಂತು.

ಹಾರೆ ತಂದು ಮೊದಲ ಕಲ್ಲು ನಾನೇ ಎಬ್ಬಿಸಿದೆ. ಆಮೇಲೆ ಅವರೂ ಕೈ ಹಾಕಿದ್ರು. ಸಂಜೆ ಗಂಟೆ ಹೊಡೆಯೋ ಹೊತ್ತಿಗೆ ಬೇರು ಕಾಣಿಸ್ತು.

ಕೆಸರು ಕೈಯಲ್ಲೇ ಹೆಡ್‌ಮೇಡಂ ರೂಮಿಗೆ ಹೋದೆ. ಅವರೆದುರಿನ ಕುರ್ಚಿ ಎಳೆದುಕೊಂಡು ಕೂತೆ.

"ಕಾರಣ ಕೇಳಿದ್ರಲ್ಲ ಮೇಡಂ," ಅಂದೆ. "ಹೇಳ್ತೀನಿ."