ಮೀನಿಗೆ ದೇವಿ ಬಂದದ್ದು

ನೀರಿನ ವಿಷಯದಲ್ಲಿ ರೇವಪ್ಪನಿಗೆ ಬುದ್ಧಿ ಹೇಳುವವರು ಇಂಡಿ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಾಗಂತ ಅವನೇ ಹೇಳುತ್ತಿದ್ದ. ಆಲಮಟ್ಟಿ ಕಾಲುವೆಯ ಗೇಟು ಎತ್ತುತ್ತ ಇಳಿಸುತ್ತ ನೌಕರಿ ಮುಗಿಸಿ ಪಿಂಚಣಿಗೆ ಬಂದವನು. ಒಂದು ಕಾಲಕ್ಕೆ ಎಂಥೆಂಥ ಗೌಡರು ಅವನ ಕೈ ನೋಡಿಕೊಂಡು ದಂಡೆಯ ಮೇಲೆ ನಿಂತಿದ್ದರು. ಈಗ ಅವನ ಆಳ್ವಿಕೆಗೆ ಉಳಿದದ್ದು ಮನೆಯ ನಳ ಒಂದೇ. ಅದನ್ನೂ ಹೆಂಡತಿ ರುಕ್ಮವ್ವನಿಗೆ ತಿರುಗಿಸಲು ಬಿಡುತ್ತಿರಲಿಲ್ಲ.

ಇಂಥವನ ಮನೆಗೆ ಬೇಸಿಗೆಯ ಒಂದು ಮುಂಜಾನೆ ಸಿಂದಗಿಯಿಂದ ಟಂಟಂನಲ್ಲಿ ಬೀಗರು ಬಂದಿಳಿದರು. ಮಗಳು ವಿಜಯಶ್ರೀಯ ಮಾವ, ಬಸಂತರಾಯರು. ಗಾಡಿಯ ಹಿಂದೆ ಗಾಜಿನ ತೊಟ್ಟಿ, ಅವರ ತೊಡೆಯ ಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕೆಂಪು ಮೀನುಗಳು. ಸಿಂದಗಿಯ ಮನೆಗೆ ಬಣ್ಣ ಹಚ್ಚುವುದಿತ್ತು. ಬಣ್ಣದ ವಾಸನೆ ಮೀನಿಗೆ ಆಗಿಬರುವುದಿಲ್ಲವಂತೆ. ಅದರಲ್ಲೂ ಗುಂಡ್ಯಾ ಎಂಬ ದಪ್ಪ ಮೀನಿನ ಮೇಲೆ ಬಸಂತರಾಯರಿಗೆ ಜೀವ. ಹೆತ್ತ ಮಗನನ್ನೂ ಅವರು ಅಷ್ಟು ಮುದ್ದು ಮಾಡಿಲ್ಲವೆಂದು ವಿಜಯಶ್ರೀಯೇ ತವರಿಗೆ ಬಂದಾಗ ಹೇಳಿದ್ದಳು.

“ಬೀಗರ, ವಾರಕ್ಕೊಮ್ಮಿ ಕಾಲ ಭಾಗ ನೀರು ತಗದು ಹೊಸಾದು ಹಾಕ್ರಿ, ಸಾಕು. ಅದೂ ಹಿಂದಿನ ದಿನ ಹಿಡಿದಿಟ್ಟ ನೀರು. ನಳದ ನೀರಾಗ ಬ್ಲೀಚಿಂಗ್ ಪೌಡರ್ ಇರ್ತೈತಿ. ಮತ್ತ ಆ ನೀರು ಸೋಸೂ ಮಷೀನಿನ ಸ್ಪಂಜು ಭಾಳ ತಿಕ್ಕಬ್ಯಾಡ್ರಿ. ಅದರಾಗ ಕಣ್ಣಿಗೆ ಕಾಣದ ಒಳ್ಳೆ ಹುಳ ಇರ್ತಾವ, ಅವ ನೀರು ಸ್ವಚ್ಛ ಇಡೂದು.”

“ನೀರಿನ ಮಾತು ನನಗ ಹೇಳಾಕತ್ತೀರೇನ್ರಿ?” ಎಂದು ರೇವಪ್ಪ ಮೀಸೆ ಸವರಿಕೊಂಡ. “ನೀವು ಬಣ್ಣ ಹಚ್ಚಿಸ್ಕೋರಿ ಹೋಗ್ರಿ.”

ಬೀಗರ ಟಂಟಂ ಓಣಿ ದಾಟುವುದೇ ತಡ, ರೇವಪ್ಪ ಸ್ಪಂಜನ್ನು ಕಿತ್ತು ನಳದ ಕೆಳಗೆ ಹಿಡಿದ. ಹುಳ ಸಾಕುತ್ತಾರಂತೆ, ಹುಳ! ಸ್ಪಂಜು ಅಂಗಡಿಯಿಂದ ತಂದಷ್ಟು ಬೆಳ್ಳಗಾಗುವವರೆಗೆ ತಿಕ್ಕಿದ. ಕಾಲ ಭಾಗ ನೀರು ತೆಗೆಯುವುದೂ ಅವನ ಮರ್ಯಾದೆಗೆ ಕಡಿಮೆ ಎನಿಸಿತು. ಕಾಲುವೆಯವರ ಪಾಲಿಗೆ ನಿಂತ ನೀರೆಂದರೆ ಹೂಳು, ಪಾಚಿ, ಸಾಹೇಬರ ಬೈಗುಳ. ದಿನಾ ಮುಂಜಾನೆ ತೊಟ್ಟಿಯನ್ನು ತಳದವರೆಗೆ ಬರಿದು ಮಾಡಿ, ಆಗಷ್ಟೇ ನಳಕ್ಕೆ ಬಂದ ನೀರು ತುಂಬತೊಡಗಿದ. ಗಾಜು ಫಳಫಳ ಹೊಳೆಯುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು.

“ನೋಡ, ಖುಷಿಗಿ ಹಾಡಾಕತ್ತಾವ,” ಎಂದು ಹೆಂಡತಿಗೆ ತೋರಿಸಿದ.

ಹಾಡು ಬಹಳ ದಿನ ನಡೆಯಲಿಲ್ಲ. ಗುಂಡ್ಯಾ ಕಲ್ಲಿಗೆ ಮೈ ತಿಕ್ಕತೊಡಗಿದ. ಅವನ ಮೈಮೇಲೆ, ರೆಕ್ಕೆಯ ಮೇಲೆ, ರವೆ ಉದುರಿಸಿದಂತೆ ಬಿಳಿ ಬಿಳಿ ಚುಕ್ಕಿ. ರೇವಪ್ಪ ಗಾಜಿಗೆ ಕಣ್ಣು ಹಚ್ಚಿ ನೋಡಿದ. ಮೀನು ಸತ್ತರೆ ಬೇರೆ ತರಬಹುದು. ಅಷ್ಟು ದೊಡ್ಡ ಬಾಯಿ ಮಾಡಿದ ಮೇಲೆ ಬೀಗರ ಮುಂದೆ ಹೇಗೆ ಮುಖ ಎತ್ತುವುದು?

ರುಕ್ಮವ್ವ ಬಗ್ಗಿ ನೋಡಿದಳು. ನೋಡಿದವಳೇ ಸೆರಗು ಹೊದ್ದು ಕೈ ಮುಗಿದಳು.

“ಮೀನಿಗೆ ದೇವಿ ಬಂದಾಳ್ರಿ.”

“ಏ, ಹುಚ್ಚಿ ಅದಿ ಏನ? ಮೀನಿಗೆ ಎಲ್ಲಿ ದೇವಿ ಬರ್ತಾಳ?”

“ನಮ್ಮ ವಿಜಿಗೆ ಸಣ್ಣಾಕಿದ್ದಾಗ ದೇವಿ ಬಂದು ಮೈತುಂಬ ಗುಳ್ಳಿ ಹಿಂಗ ಎದ್ದಿದ್ವು. ಅಕೀಗ ಮೀನೇನು, ಮನಶ್ಯಾರೇನು? ಬಂದಾಳಂದ್ರ ಬಂದಾಳ. ದೇವಿ ಹೋಗೂತನಾ ಜಳಕ ಬಂದ್.”

“ಮೀನು ನೀರಾಗs ಐತಲ್ಲ!”

“ಇದ್ದ ನೀರಾಗ ಇರಲಿ. ಮೈಗೆ ಹೊಸಾ ನೀರು ಮುಟ್ಟಿಸಿದ್ರ ನೋಡ್ರಿ!”

ಆ ದಿನದಿಂದ ನಳ ರುಕ್ಮವ್ವನ ಕೈಗೆ ಹೋಯಿತು. ತೊಟ್ಟಿಗೆ ಬೇವಿನ ತೊಪ್ಪಲು ಕಟ್ಟಿದಳು, ಹಸಿರು ಕುಬಸದ ಬಟ್ಟೆಯ ಕಣ ಹೊದಿಸಿದಳು. ದೃಷ್ಟಿಯೂ ಆಗಿರಬಹುದೆಂದು ಹರಳುಪ್ಪು, ಮೆಣಸಿನಕಾಯಿ ನಿವಾಳಿಸಿದಳು. ನಿವಾಳಿಸಿದ ಉಪ್ಪನ್ನು ನೀರಿಗೆ ಬಿಡಬೇಕು. ನೀರು ಹುಡುಕಿಕೊಂಡು ಎಲ್ಲಿಗೆ ಹೋಗುವುದೆಂದು ಅದೇ ತೊಟ್ಟಿಗೆ ಬಿಟ್ಟಳು. ಮೆಣಸಿನಕಾಯಿಯನ್ನೂ ಬಿಡುವವಳೇ, ರೇವಪ್ಪ ಕೈ ಹಿಡಿದ.

ದೇವಿಯ ಕಟ್ಟಳೆ ಮನೆಮಂದಿಗೂ ಬಂತು. ಒಗ್ಗರಣೆ ಇಲ್ಲ, ಕರಿದದ್ದಿಲ್ಲ, ಗಡ್ಡ ಬೋಳಿಸುವಂತಿಲ್ಲ. ರೇವಪ್ಪ ಸಪ್ಪನ ಬೇಳೆಕಟ್ಟು ಹೀರುತ್ತ, ಗಡ್ಡ ತುರಿಸಿಕೊಳ್ಳುತ್ತ, ಮುಚ್ಚಿದ ತೊಟ್ಟಿಯನ್ನೇ ನೋಡುತ್ತ ಕುಳಿತ. ಕಣ ಸರಿಸಿ ನೋಡುವ ಹಕ್ಕು ರುಕ್ಮವ್ವನಿಗೆ ಮಾತ್ರ. ಒಳಗೆ ಗುಂಡ್ಯಾ ಇದ್ದಾನೋ ಸತ್ತಾನೋ ಎಂದು ಕೇಳಿದರೆ, “ಹಂಗೆಲ್ಲ ಕೇಳಬಾರದ್ರಿ,” ಎನ್ನುತ್ತಿದ್ದಳು.

ಅಷ್ಟರಲ್ಲಿ ಬಸಂತರಾಯರ ಫೋನು. “ಬೀಗರ, ವಿಡಿಯೋ ಹಚ್ರಿ, ಗುಂಡ್ಯಾನ ಮುಖ ನೋಡ್ತೇನಿ.”

ರೇವಪ್ಪನಿಗೆ ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ಖರೆ ಹೇಳುವ ಧೈರ್ಯ ಮೊದಲೇ ಇರಲಿಲ್ಲ. “ಮನ್ಯಾಗ ದೇವಿ ಬಂದಾಳ್ರಿ,” ಎಂದ. “ಯಾರೂ ಮುಖ ತೋರಸೂ ಹಂಗಿಲ್ಲ.” ಫೋನು ಇಟ್ಟುಬಿಟ್ಟ.

ಶುಕ್ರವಾರ ಮುಂಜಾನೆ ಬಸಂತರಾಯರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಎಳನೀರು, ಮೊಸರನ್ನದ ಡಬ್ಬಿ, ದೇವಿಗೆ ಉಡಿ ತುಂಬಲು ಹಸಿರು ಬಳೆ. ರೇವಪ್ಪನ ಗಡ್ಡ ನೋಡಿ ಅವರ ಕಣ್ಣಲ್ಲಿ ನೀರು ಬಂತು.

“ಈ ವಯಸ್ಸಿನಾಗ ದೇವಿ ಬರಬಾರದಿತ್ರಿ ನಿಮಗ. ಮಾರಿ ಮ್ಯಾಲ ಏನೂ ಇಲ್ಲ... ಎಲ್ಲೆಲ್ಲಿ ಎದ್ದಾಳ್ರಿ?”

“ನನಗಲ್ರಿ...”

“ಮತ್ತ ಬೀಗತ್ಯಾರಿಗೆ?”

ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದ ರುಕ್ಮವ್ವ ನೆಟ್ಟಗೆ ಹೇಳಿದಳು. “ಗುಂಡ್ಯಾಗ್ರಿ.”

ಬಸಂತರಾಯರು ಕಟ್ಟೆಯ ಮೇಲೆ ಕುಸಿದರು. ಬಳೆಗಳು ಗಲಗಲ ಎಂದವು. ಇನ್ನು ಮುಚ್ಚಿಡುವುದು ರೇವಪ್ಪನಿಂದಾಗಲಿಲ್ಲ. ನೆಲ ನೋಡುತ್ತ ಎಲ್ಲ ಹೇಳಿದ.

“ದಿನಾ ಪೂರಾ ನೀರು ಬದಲಿ ಮಾಡೀನ್ರಿ. ನಳದ್ದು. ಸ್ಪಂಜನೂ ತಿಕ್ಕೀನ್ರಿ.”

“ಅದನ್ನೇನು ಕಾಲುವಿ ಅಂತ ತಿಳದ್ರೇನ್ರಿ?” ಎಂದು ಬಸಂತರಾಯರು ಎದ್ದು ಒಳಗೆ ನುಗ್ಗಿದರು. ಕಣದ ತುದಿ ಹಿಡಿದವರು ಅಲ್ಲೇ ನಿಂತರು. ಅವರಿಗೂ ಎತ್ತಲು ಕೈ ಬರಲಿಲ್ಲ. ಕೊನೆಗೆ ರುಕ್ಮವ್ವನೇ ಎತ್ತಿದಳು.

ನೀರು ತುಸು ಹಸಿರಾಗಿತ್ತು. ಸ್ಪಂಜಿಗೆ ಮತ್ತೆ ಕೊಳೆ ಕೂತಿತ್ತು. ಕಲ್ಲಿನ ಹಿಂದಿನಿಂದ ಗುಂಡ್ಯಾ ಹೊಟ್ಟೆ ಹೊತ್ತುಕೊಂಡು ನಿಧಾನವಾಗಿ ಹೊರಬಂದ, ಗಾಜಿಗೆ ಮೂಗು ಹಚ್ಚಿದ. ಮೈಮೇಲೆ ಒಂದೇ ಒಂದು ಚುಕ್ಕಿ ಇಲ್ಲ. ಉಳಿದವೂ ಅವನ ಹಿಂದೆಯೇ ಬಂದವು.

“ಏ ಗುಂಡ್ಯಾ!” ಎಂದು ಬಸಂತರಾಯರು ನಕ್ಕೇ ನಕ್ಕರು. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು. “ಉಪ್ಪು ಯಾರು ಹಾಕಿದ್ರಿ?”

“ದೃಷ್ಟಿ ತಗದೀನ್ರಿ,” ಎಂದಳು ರುಕ್ಮವ್ವ.

“ಇದಕ ಚುಕ್ಕಿ ರೋಗ ಅಂತಾರ್ರೀ ತಂಗಿ. ಉಪ್ಪು ಮತ್ತ ಬೆಚ್ಚಗಿನ ನೀರು, ಎರಡs ಔಷಧ. ಬೇಸಿಗಿ ಸೆಕಿ ಹೆಂಗೂ ಇತ್ತು. ಇವರ ಕೈಯಾಗಿಂದ ನಳ ಕಸಗೊಂಡ್ರಲ್ಲ, ಅದರಿಂದನs ಇವು ಉಳದಾವ.”

ಔಷಧದ ಹೆಸರು ಯಾವುದಾದರೂ ಇರಲಿ, ರುಕ್ಮವ್ವ ದೇವಿಯನ್ನು ಕಳಿಸಿಕೊಡದೆ ಬಿಡುವವಳಲ್ಲ. ಹಸಿರು ಬಳೆ ತೊಟ್ಟಿಯ ಮುಂದಿಟ್ಟಳು. ದೇವಿ ಹೋಗುವಾಗ ಮೈಗೆ ನೀರು ಹಾಕಲೇಬೇಕೆಂದು, ಹಿಂದಿನ ದಿನ ಹಿಡಿದಿಟ್ಟ ಕೊಡವನ್ನೂ ತಂಬಿಗೆಯನ್ನೂ ತಂದು ಗಂಡನ ಮುಂದಿಟ್ಟಳು. “ಹಾಕ್ರಿ.”

ರೇವಪ್ಪ ತಂಬಿಗೆ ತುಂಬಿ ತೊಟ್ಟಿಯ ಮೇಲೆ ಹಿಡಿದ. ಹೊಲ ಹೊಲಕ್ಕೆ ನೀರು ಬಿಟ್ಟ ಕೈ ಅಲ್ಲೇ ನಿಂತಿತು. ಗುಂಡ್ಯಾ ಕೆಳಗಿನಿಂದ ಕಣ್ಣು ಬಿಟ್ಟು ನೋಡುತ್ತಿದ್ದ.

“ಬೀಗರ,” ಎಂದ ಮೆಲ್ಲಗೆ, “ಎಷ್ಟು ಹಾಕ್ಲಿರಿ?”

ಮದುವೆಯಾದಂದಿನಿಂದ ಗಂಡನ ಬಾಯಲ್ಲಿ ಇಂಥ ಮಾತು ಕೇಳಿರದ ರುಕ್ಮವ್ವ, ತೊಟ್ಟಿಗೆ ಇನ್ನೊಮ್ಮೆ ಕೈ ಮುಗಿದಳು.