ಒಂದು ಮೈಕಿನ ಡಬ್ಬಿ

ರಾಯಚೂರಿನ ತನ್ನ ಅಂಗಡಿಯಲ್ಲಿ ಗುಲ್ಶನ್ ಬೇಗಂ ಎರಡು ಡಬ್ಬಿಗಳನ್ನು ತೆಗೆದು ಗಾಜಿನ ಕಪಾಟಿನ ಮೇಲೆ ಪಕ್ಕಪಕ್ಕದಲ್ಲಿಟ್ಟಳು. ಎರಡೂ ಕಪ್ಪು, ಎರಡೂ ಅಂಗೈಯಗಲ. ಒಂದಕ್ಕೆ ಮೈಕ್ ಸಿಕ್ಕಿಸುವ ಜಾಗ ಒಂದೇ ಇತ್ತು, ಇನ್ನೊಂದಕ್ಕೆ ಎರಡು.

“ಇದು ಒಂದ ಮೈಕಿಂದು, ಇದು ಎರಡು ಮೈಕಿಂದು. ಲ್ಯಾಪ್‌ಟಾಪಿಗೆ ವೈರ್ ಹಚ್ಚೂದು, ಹಾಡೂದು, ಅಷ್ಟ. ರೇಟಿನಾಗ ಭಾಳ ಫರಕ್ ಇಲ್ಲ. ಯಾವುದು ಕೊಡ್ಲಿ?”

ಕನಕರಾಯನ ಕೈ ಒಂದು ಮೈಕಿನದರ ಕಡೆಗೆ ಹೋಯಿತು. ಅಂಬಮ್ಮ ಅದನ್ನು ಕಂಡಳು. ದೇವದುರ್ಗದಿಂದ ರಾಯಚೂರಿನ ತನಕ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅವಳು ಇದೊಂದಕ್ಕೇ ಹೆದರುತ್ತ ಬಂದಿದ್ದಳು.

ಅಂಬಮ್ಮ ಮತ್ತು ರೇಣುಕಮ್ಮ ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು; ರೇಣುಕಮ್ಮ ಹಿರಿಯಳು, ಅಂಬಮ್ಮನಿಗೆ ಅಕ್ಕ. ಹಗಲು ಇಬ್ಬರೂ ಕೂಲಿಗೆ ಹೋಗುವವರೇ. ಆದರೆ ಲಗ್ನದ ದಿನಗಳು ಬಂದವೆಂದರೆ ಸುತ್ತಿನ ಊರುಗಳಲ್ಲಿ ಅವರಿಲ್ಲದೆ ಅರಿಷಿಣ ಹಚ್ಚುತ್ತಿರಲಿಲ್ಲ. ರೇಣುಕಮ್ಮ ಸೋಬಾನೆಯ ಸೊಲ್ಲು ಎತ್ತಬೇಕು, ಅಂಬಮ್ಮ ಅದನ್ನೇ ತಿರುಗಿಸಿ ಹಾಡಬೇಕು. ಅದೂ ಹೇಗೆ? ರೇಣುಕಮ್ಮ ಸಾಲಿನ ಕೊನೆಯ ಮಾತನ್ನು ಪೂರಾ ಬಿಡುವ ಮೊದಲೇ ಅಂಬಮ್ಮ ಹಿಡಿದುಕೊಳ್ಳಬೇಕು. ನಡುವೆ ಒಂದು ಉಸಿರಿನಷ್ಟು ಸಂದು ಬಿದ್ದರೂ ಮದುವೆ ಮನೆಯ ಮುದುಕಿಯರು ಮೂತಿ ತಿರುವುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಬಾಯಿ ಬಿಡಲು ನಾಚುತ್ತಿದ್ದ ಅಂಬಮ್ಮನನ್ನು ರಟ್ಟೆ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡವಳು ರೇಣುಕಮ್ಮನೇ. ಅಂದಿನಿಂದ ಆ ಜಾಗ ಅಂಬಮ್ಮನದು. ಕೂಲಿ, ಒಲೆ, ಮಕ್ಕಳು ಎಲ್ಲವೂ ಎಲ್ಲರಿಗೂ ಇದ್ದವು. ಅವಳಿಗೇ ಅಂತ ಇದ್ದದ್ದು ಅದೊಂದೇ.

ಈಗೀಗ ಮದುವೆ ಮನೆಗಳಲ್ಲಿ ಹಾಡುವವರನ್ನು ಕರೆಯುವ ಬದಲು ಸ್ಪೀಕರ್ ಇಟ್ಟುಬಿಡುತ್ತಾರೆ. ರೇಣುಕಮ್ಮನ ತಂಗಿಯ ಮಗ ಕನಕರಾಯ ದೇವದುರ್ಗದಲ್ಲಿ ಮದುವೆ ವಿಡಿಯೋ ಮಾಡುವವನು, ಗಾಳಿ ಬಂದಾಗ ತೂರಿಕೊಳ್ಳುವ ಆಸಾಮಿ. ಮಾನ್ವಿಯ ಬೀಗರೊಬ್ಬರು ತಮ್ಮ ಕಡೆಯ ಸೋಬಾನೆ ಪದಗಳೇ ಸ್ಪೀಕರಿನಲ್ಲಿ ಬೇಕೆಂದು ಕೇಳಿದ್ದೇ ತಡ, ಇಬ್ಬರನ್ನೂ ಕೂರಿಸಿ ಮೊಬೈಲಿನಲ್ಲಿ ಹಿಡಿದ. ಕೇಳಿ ನೋಡಿದರೆ ಬೀದಿಯ ಆಟೋ ಇತ್ತು, ಪಕ್ಕದ ಮನೆಯ ಮಿಕ್ಸಿ ಇತ್ತು, ರೇಣುಕಮ್ಮ ಇದ್ದಳು, ಅಂಬಮ್ಮ ಇರಲಿಲ್ಲ. ಲ್ಯಾಪ್‌ಟಾಪಿಗೇ ನೇರ ಮೈಕ್ ಹಚ್ಚಿದರೆ ಹಾಡಿಗಿಂತ ಗುಂಯ್ ಎನ್ನುವ ಸದ್ದೇ ದೊಡ್ಡದಾಯಿತು. ನಡುವೆ ಸೌಂಡ್ ಕಾರ್ಡ್ ಎಂಬ ಡಬ್ಬಿ ಬೇಕೇ ಬೇಕು ಎಂದ ಕನಕರಾಯ ಅದೇ ಉಸಿರಿನಲ್ಲಿ ದೊಡ್ಡವ್ವ ರೇಣುಕಮ್ಮನಿಗೆ ಇನ್ನೊಂದು ಮಾತನ್ನೂ ಹೇಳಿದ್ದ. “ಅಂಬಮ್ಮ ಚಿಗವ್ವನ ದನಿ ಹೆಂಗೂ ಕೇಳೂದಿಲ್ಲ. ನೀನ ಎರಡು ಸಲ ಹಾಡು, ಒಂದರ ಮ್ಯಾಲ ಒಂದು ಕುಂದ್ರಸ್ತೀನಿ. ಒಂದ ಮೈಕ್ ಸಾಕು.”

ಅಂಬಮ್ಮ ಆಗ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಮಾತು ಅಲ್ಲಿಗೂ ಕೇಳಿಸಿತ್ತು. ರೇಣುಕಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆ ಮೌನವೇ ಅಂಬಮ್ಮನಿಗೆ ಮುಳ್ಳಾಗಿ ನೆಟ್ಟಿತ್ತು. “ನೀನೂ ಬಾ ರಾಯಚೂರಿಗೆ” ಎಂದು ರೇಣುಕಮ್ಮ ಕರೆದಾಗ, ಯಾಕೆ ಎಂದು ಕೇಳುವ ಧೈರ್ಯವಾಗದೆ ಬಂದುಬಿಟ್ಟಿದ್ದಳು.

“ಮೊದಲ ಇದನ್ನ ಹಚ್ಚಿ ನೋಡೂಣ್ರಿ” ಎಂದ ಕನಕರಾಯ. ಗುಲ್ಶನ್ ಬೇಗಂ ತನ್ನ ಲ್ಯಾಪ್‌ಟಾಪಿಗೆ ಡಬ್ಬಿ ಜೋಡಿಸಿ, ಅಂಗಡಿಯ ಫ್ಯಾನ್ ಆರಿಸಿದಳು. ರೇಣುಕಮ್ಮ ಮೈಕಿನ ಮುಂದೆ ಕೂತು ಸೆರಗು ಸರಿಮಾಡಿಕೊಂಡು ಎತ್ತಿದಳು.

“ಹಾಲಗಂಬದ ಬುಡಕ ಮದುಮಗಳು ಕುಂತಾಳ, ಸೋ ಅನ್ನಿರೆವ್ವ…”

ಆಹಾ, ಏನು ದನಿ ಅದು! ಹೆದರಿಕೆಯ ನಡುವೆಯೂ ಅಂಬಮ್ಮನಿಗೆ ಹಾಗೆ ಅನಿಸದೆ ಇರಲಿಲ್ಲ. ಆಮೇಲೆ ಕನಕರಾಯ ರೇಣುಕಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ, ಆ ಹಾಡನ್ನೇ ಕೇಳುತ್ತ ತಿರುಗಿಸಿ ಹಾಡೆಂದ. ರೇಣುಕಮ್ಮ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕಡೆಗೆ ಹೆಡ್‌ಫೋನ್ ಕಿತ್ತು ಕೈಗೆ ಕೊಟ್ಟಳು.

“ಇಕಿ ಯಾರಲೇ? ನನಗ ಹಾಡಾಕ ಬಿಡವಲ್ಲಳು!”

“ನೀನ ಅದೀದಿ ದೊಡ್ಡವ್ವ! ನಾಕು ದಿನ ಹಾಡಿದ್ರ ರೂಢಿ ಆಗ್ತದ.”

ಗುಲ್ಶನ್ ಬೇಗಂಗೆ ನಗು ತಡೆಯಲಾಗಲಿಲ್ಲ. “ಇಬ್ಬರು ಹಾಡೋರು ಬಂದೀರಲ್ರಿ, ಒಬ್ಬರನ್ನ ಯಾಕ ಎರಡು ಮಾಡ್ತೀರಿ? ಇದನ್ನ ನೋಡ್ರಿ” ಎಂದು ಇನ್ನೊಂದು ಡಬ್ಬಿ ಜೋಡಿಸಿ, ಎರಡನೆಯ ಮೈಕನ್ನು ಅಂಬಮ್ಮನ ಮುಂದಿಟ್ಟಳು. ತನಗೇ ಅಂತ ಒಂದು ಮೈಕ್! ಅಂಬಮ್ಮ ಅದರ ಹತ್ತಿರಕ್ಕೆ ಸರಿದಳು. ರೇಣುಕಮ್ಮ ಎತ್ತಿದಳು, ಅಂಬಮ್ಮ ಹಿಡಿದಳು. ಪರದೆಯ ಮೇಲೆ ಎರಡು ಪಟ್ಟಿಗಳು ಮೂಡಿದವು. ಕೆಳಗಿನದು ಅಂಬಮ್ಮನದು, ತೆಳ್ಳಗಿತ್ತು, ಆದರೆ ಇತ್ತು. ಕನಕರಾಯ ಒಂದು ಗುಂಡಿ ತಿರುಗಿಸಿ ಅದನ್ನೂ ದಪ್ಪ ಮಾಡಿದ. ಸ್ಪೀಕರಿನಲ್ಲಿ ತನ್ನ ದನಿ ಅಕ್ಕನ ದನಿಯ ಸಮಸಮಕ್ಕೆ ಬಂದದ್ದನ್ನು ಕೇಳಿ ಅಂಬಮ್ಮನ ಕಣ್ಣು ತುಂಬಿ ಬಂತು.

“ಇದರಾಗ ಇದ ಮಜಾ ನೋಡ್ರಿ” ಎಂದಳು ಗುಲ್ಶನ್ ಬೇಗಂ. “ಯಾರ ದನಿ ಬೇಕೋ ಹೆಚ್ಚು ಮಾಡ್ರಿ, ಕಡಿಮಿ ಮಾಡ್ರಿ. ಬ್ಯಾಡಂದ್ರ ತಗದ ಬಿಡ್ರಿ.” ಒಂದು ಕಡೆ ಒತ್ತಿದಳು. ಕೆಳಗಿನ ಪಟ್ಟಿ ಮಂಕಾಯಿತು. ಅಂಬಮ್ಮ ಇಲ್ಲವಾದಳು. ಹಾಡು ತನ್ನ ಪಾಡಿಗೆ ತಾನು ಮುಂದುವರಿಯಿತು.

“ಹಿಂಗಾದ್ರ ಎರಡು ಮೈಕಿಂದ ಚಲೋ” ಎಂದ ಕನಕರಾಯ. “ಆಮ್ಯಾಲ ಹೆಂಗ ಬೇಕಾದ್ರೂ ಮಾಡಬಹುದು. ಕಟ್ಟಿಕೊಡ್ರಿ.”

“ಬ್ಯಾಡ” ಎಂದಳು ಅಂಬಮ್ಮ. ಮಾತು ತನ್ನ ಬಾಯಿಂದ ಬಂತೆಂದು ಅವಳಿಗೇ ನಂಬಿಕೆಯಾಗಲಿಲ್ಲ. “ಒಂದ ಮೈಕಿಂದು ತಗೋರಿ.”

ಎಲ್ಲರೂ ಅವಳ ಕಡೆ ತಿರುಗಿದರು.

“ಅಲ್ಲ ಚಿಗವ್ವ, ಎರಡಿದ್ರ ನಿನಗ ಚಲೋ ಅಲ್ಲೇನು?”

“ಎರಡಿದ್ರ ತಗದ ಬಿಡಬಹುದಂತಲ್ಲ. ಒಂದ ಮೈಕಿಗೆ ಇಬ್ಬರೂ ನಿಂದ್ರತೀವಿ. ಒಮ್ಮಿ ಕೂಡಿತಂದ್ರ ನನ್ನನ್ನ ತಗಿಯಾಕ ಯಾರಿಗೂ ಬರಬಾರದು.”

“ನಿನ್ನ ಯಾರ ತಗೀತಾರ?” ಎಂದಳು ರೇಣುಕಮ್ಮ.

ಅಂಬಮ್ಮ ತನ್ನ ಮುಂದಿದ್ದ ಮೈಕನ್ನು ಆಚೆ ಸರಿಸಿದಳು. ಕನಕರಾಯನ ಕಡೆಗೂ ನೋಡಲಿಲ್ಲ, ಅಕ್ಕನ ಕಡೆಗೂ ನೋಡಲಿಲ್ಲ. ಕನಕರಾಯ ವೈರು ಸುತ್ತತೊಡಗಿದ. ರೇಣುಕಮ್ಮ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು.

“ಹಂಗಾದ್ರ ಆಮ್ಯಾಲ ಏನೂ ತಿದ್ದಾಕ ಬರೂದಿಲ್ಲ ನೋಡಮ್ಮಾ” ಎಂದು ಗುಲ್ಶನ್ ಬೇಗಂ ಎಚ್ಚರಿಸಿದಳು.

“ತಿದ್ದೂದು ಬ್ಯಾಡ್ರಿ. ಅಂಬಿ ಅಂದಿದ್ದ ಕೊಡ್ರಿ” ಎಂದಳು ರೇಣುಕಮ್ಮ.

ಮರುದಿನ ಮಧ್ಯಾಹ್ನ ಕನಕರಾಯನ ಸ್ಟುಡಿಯೋದ ಬಾಗಿಲು ಕಿಟಕಿಗಳಿಗೆಲ್ಲ ಕೌದಿ ಕಟ್ಟಿದರು. ಒಳಗೆ ಒಲೆಯ ಮುಂದೆ ಕೂತಷ್ಟು ಸೆಕೆ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಮೈಕಿನ ಮುಂದೆ ನಿಂತು ಪದವನ್ನು ಮೊದಲಿನಿಂದ ಕಡೆತನಕ ಹಾಡಿದರು. ಒಂದು ಸಂದೂ ಬೀಳಲಿಲ್ಲ. ಅಂಬಮ್ಮ ಕತ್ತಿನ ನರ ಉಬ್ಬುವಂತೆ ಹಾಡಿದ್ದಳು.

ಕನಕರಾಯ ಹಾಕಿ ಕೇಳಿಸಿದ. ಆಟೋ ಇರಲಿಲ್ಲ, ಮಿಕ್ಸಿ ಇರಲಿಲ್ಲ. ರೇಣುಕಮ್ಮನ ದನಿ ತೊಳೆದಿಟ್ಟ ಕಂಚಿನ ಹಾಗೆ ಬಂತು. ಅದರ ಅಡಿಯಲ್ಲೆಲ್ಲೋ ಯಾರೋ ಗುನುಗುತ್ತಿದ್ದರು.

“ನಾ ಹೇಳಿದ್ನಿಲ್ಲ ಚಿಗವ್ವ?” ಎಂದ ಅವನು. ದನಿಯಲ್ಲಿ ಕುಚೋದ್ಯವಿರಲಿಲ್ಲ, ಮರುಕವಿತ್ತು. ಅದೇ ಹೆಚ್ಚು ನೋಯಿಸಿತು. “ಈಗ ಹೆಚ್ಚು ಮಾಡಾಕೂ ಬರೂದಿಲ್ಲ.”

ತನ್ನ ಕೈಯಾರೆ ತಾನೇ ಕೆಡಿಸಿಕೊಂಡೆ ಎನಿಸಿತು ಅಂಬಮ್ಮನಿಗೆ. ಬೀಗರು ಕಾಯುತ್ತಿದ್ದರು, ಇನ್ನು ಹಟ ಮಾಡಿ ಏನುಪಯೋಗ? ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು. “ಹೋಗ್ಲಿ ಬಿಡು. ಯಕ್ಕ ಒಬ್ಬಾಕಿನ ಹಾಡ್ಲಿ. ನಾ ಮನಿಗೆ ಹೋಗ್ತೀನಿ.”

“ನಿಂದ್ರು” ಎಂದಳು ರೇಣುಕಮ್ಮ.

ಅವಳು ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು. “ಹಚ್ಚಪಾ, ಕೇಳು” ಎಂದು ಒಂದು ಸೊಲ್ಲು ಎತ್ತಿದಳು, ಅಂಬಮ್ಮ ಹಿಡಿದಳು. ಕನಕರಾಯ ಹೆಡ್‌ಫೋನಿನೊಳಗೆ ಕೇಳಿ ತಲೆಯಾಡಿಸಿದ. “ಇನ್ನೂ ನಿಂದ ಜೋರದ.” ಅವಳು ಮತ್ತೆ ಸರಿದಳು. ಮತ್ತೆ ಹಾಡಿದರು. ಕುರ್ಚಿಯೊಂದು ಅಡ್ಡ ಬಂತು, ಅದನ್ನು ಕಾಲಿನಿಂದ ಆಚೆ ನೂಕಿದಳು. ಕಡೆಗೆ ಹಿಂದಿನ ಗೋಡೆಗೇ ಬೆನ್ನು ತಾಗಿತು.

“ಈಗ?”

ಕನಕರಾಯ ಕಣ್ಣರಳಿಸಿದ. “ಈಗ ಬರಾಬರಿ ಆತು ನೋಡು.”

“ಹಂಗಾದ್ರ ಮೊದಲಿಂದ ಹಿಡಿ.” ಕೌದಿ ಕಟ್ಟಿದ ಆ ಮೂಲೆಯ ಅರೆಗತ್ತಲಲ್ಲಿ ರೇಣುಕಮ್ಮನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. “ಅಂಬಿ, ನನ್ನ ಕಡಿ ನೋಡಬ್ಯಾಡ. ಅದರ ಕಡಿ ನೋಡು.”

ಅಂಬಮ್ಮ ಮೈಕಿನ ಕಡೆ ತಿರುಗಿದಳು. ಮುಂದೆ ಅವಳೊಬ್ಬಳೇ ಇದ್ದಳು. ಬೆನ್ನ ಹಿಂದಿನಿಂದ ಸೊಲ್ಲು ಬಂತು. ಅದು ಮುಗಿಯುವ ಮೊದಲೇ ಅವಳು ಬಾಯಿ ತೆರೆದಳು.