ಹೊಸ್ತಿಲ ಮೇಲೆ ಕರೆಂಟು ಹೋಯಿತು

ನಾನು ಒಂದು ವಿಡಿಯೋ ಕ್ಯಾಸೆಟ್ಟು. ಮುಖ ತಿರುಗಿಸಬೇಡಿ ಸ್ವಾಮಿ! ಒಂದು ಕಾಲಕ್ಕೆ ನನ್ನನ್ನು ಎರವಲು ಕೇಳಿಕೊಂಡು ಇಡೀ ಬೀದಿಯೇ ಬಾಗಿಲಿಗೆ ಬರುತ್ತಿತ್ತು. ಹುಟ್ಟಿದ್ದು ಜಪಾನಿನ ಕಾರ್ಖಾನೆಯಲ್ಲಿ. ಕಪ್ಪು ಮೈ, ಹೊಟ್ಟೆಯೊಳಗೆ ಮೂರು ಗಂಟೆ ಓಡುವಷ್ಟು ಟೇಪು. ಹಡಗು ಹತ್ತಿ, ಲಾರಿ ಹತ್ತಿ, ಬೆಂಗಳೂರಿನ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಕೂತೆ. ನನ್ನ ಜೊತೆಯವರೆಲ್ಲ ಮದುವೆ ಮನೆಗಳಿಗೆ ಹೋದರು. ಅಲ್ಲೇನಿದೆ ಹೇಳಿ, ಮೂರು ಗಂಟೆಯೂ ಊಟದ ಪಂಕ್ತಿ! ನನ್ನ ಹಣೆಬರಹ ಬೇರೆಯಿತ್ತು.

ನನ್ನನ್ನು ಕೊಂಡವಳು ತುಮಕೂರಿನ ಅಂಬುಜಾಕ್ಷಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಆಪರೇಟರು. ಹಳೆಯ ಕಪ್ಪು-ಬಿಳುಪು ಸಿನಿಮಾ ಎಂದರೆ ಅವಳಿಗೆ ಪ್ರಾಣ. ಟೀವಿಯಲ್ಲಿ ಬಂದದ್ದನ್ನೆಲ್ಲ ವಿಸಿಆರಿನಲ್ಲಿ ಹಿಡಿದು, ಬೆನ್ನಿಗೆ ಹೆಸರಿನ ಚೀಟಿ ಅಂಟಿಸಿ, ಬೀರುವಿನಲ್ಲಿ ಜೋಡಿಸುತ್ತಿದ್ದಳು. ಬೀರುವಿನಲ್ಲಿದ್ದ ರೇಷ್ಮೆ ಸೀರೆಗಳು ಮಂಚದ ಕೆಳಗಿನ ಟ್ರಂಕಿಗೆ ವರ್ಗವಾಗಿದ್ದವು. ಗಂಡನಿಗೆ ದೂರದ ಊರಿನಲ್ಲಿ ಬ್ಯಾಂಕಿನ ಕೆಲಸ, ತಿಂಗಳಿಗೊಮ್ಮೆ ಬರುತ್ತಿದ್ದ. ಉಳಿದಂತೆ ಮನೆಯಲ್ಲಿ ಅವಳು, ಅವಳ ಅತ್ತೆ ರಂಗಮ್ಮ. ಇಬ್ಬರ ನಡುವೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಹಾಲು ಬಂತಾ, ಗ್ಯಾಸ್ ಮುಗೀತಾ, ಅಷ್ಟೇ.

ಒಂದು ಭಾನುವಾರ ಪೇಪರು ನೋಡಿ ಅಂಬುಜಾಕ್ಷಿ ನಿಂತಲ್ಲೇ ಕುಣಿದಳು. ಅಂದಿನ ಸಿನಿಮಾ ‘ಸುಂಕದವನ ಸೊಸೆ’! ಪ್ರಿಂಟೇ ಉಳಿದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದ ಚಿತ್ರ. ಹೊಸ ಕ್ಯಾಸೆಟ್ಟೇ ಆಗಬೇಕೆಂದು ನನ್ನ ಕವರು ಹರಿದು ಯಂತ್ರದೊಳಗೆ ತಳ್ಳಿದಳು. ಆಹಾ, ಆ ಸಂಭ್ರಮವೇ! ಆದರೆ ನನ್ನದೊಂದು ದೂರಿದೆ. ಸಿನಿಮಾ ಓಡುವಾಗ ನಾನು ಯಂತ್ರದ ಹೊಟ್ಟೆಯಲ್ಲಿರುತ್ತೇನೆ. ಕೇಳಿಸುತ್ತದೆ, ಕಾಣಿಸುವುದಿಲ್ಲ. ಮದುವೆ ಮನೆಯ ಅಡುಗೆ ಭಟ್ಟರಿಗೆ ತಾಳಿ ಕಟ್ಟುವುದು ಕಾಣುತ್ತದೆಯೇ?

ಕಥೆ ಇಷ್ಟು. ಮನೆಯ ಸೊಸೆಯ ಮೇಲೆ ಕಳ್ಳತನ ಹೊರಿಸಿ ಹೊರಗೆ ಹಾಕುತ್ತಾರೆ. ಕೊನೆಗೆ ನಿಜವಾದ ಕಳ್ಳ ಸಿಗುತ್ತಾನೆ. ಅತ್ತೆಯೇ ಹೋಗಿ ಸೊಸೆಯನ್ನು ಕರೆತರುತ್ತಾಳೆ. ಸೊಸೆ ಹೊಸ್ತಿಲ ಮುಂದೆ ನಿಂತಿದ್ದಾಳೆ. “ಬಾಮ್ಮ ಒಳಗೆ” ಎಂದಳು ಅತ್ತೆ. ಸೊಸೆ ಕಾಲೆತ್ತಿದಳಂತೆ.

ಟಪ್! ಕರೆಂಟು ಹೋಯಿತು.

“ಅಯ್ಯೋ, ಈ ಕರೆಂಟಿನ ಮನೆ ಹಾಳಾಗ!” ಅಂಬುಜಾಕ್ಷಿ ಕೂಗಿದ್ದು ಮೂರನೇ ಮನೆಗೂ ಕೇಳಿಸಿರಬೇಕು. ಕರೆಂಟು ಬರುವಷ್ಟರಲ್ಲಿ ಟೀವಿಯಲ್ಲಿ ವಾರ್ತೆ ಓದುತ್ತಿದ್ದರು.

ಆಗ, ಎಂದೂ ಮಾತಾಡದ ರಂಗಮ್ಮ ಬಾಯಿ ಬಿಟ್ಟರು. “ಒಳಗೆ ಬರ್ತಾಳೆ ಕಣೆ. ನಾನು ಮಧುಗಿರಿ ಟೆಂಟಿನಲ್ಲಿ ಮೂರು ಸಲ ನೋಡಿದೀನಿ.”

“ಅಷ್ಟೆಲ್ಲ ಅನ್ನಿಸ್ಕೊಂಡ ಮೇಲೆ ಯಾವಳು ಒಳಗೆ ಬರ್ತಾಳೆ ಅತ್ತೆ? ತಿರುಗಿ ಹೋಗೇ ಹೋಗ್ತಾಳೆ.”

“ಮನೆ ಅಂದ್ಮೇಲೆ ಬರಲೇಬೇಕು.”

ಶುರುವಾಯಿತು ನೋಡಿ! ಅಂದಿನಿಂದ ಆ ಮನೆಯಲ್ಲಿ ಮಾತಿಗೆ ಬರವೇ ಇರಲಿಲ್ಲ. ನಾನು ಬೀದಿಯ ಮನೆಮನೆ ಸುತ್ತಿದೆ. ಹೋದಲ್ಲೆಲ್ಲ ಒಳಗೆ ಬರುವಳೆಂಬ ಪಕ್ಷ, ಹೊರಗೆ ಹೋಗುವಳೆಂಬ ಪಕ್ಷ. ಕೊನೆಯಿಲ್ಲದ ಕ್ಯಾಸೆಟ್ಟೆಂದು ನನ್ನನ್ನು ಕಿತ್ತೆಸೆಯಬೇಕಿತ್ತು, ಕೊನೆಯಿಲ್ಲದ್ದರಿಂದಲೇ ನನಗೆ ರಾಜಮರ್ಯಾದೆ. ಯಾರಾದರೂ ನನ್ನ ಮೇಲೆ ಬೇರೆ ಏನಾದರೂ ತುಂಬಿಸಿಯಾರೆಂದು ಅಂಬುಜಾಕ್ಷಿ ನನ್ನ ಬೆನ್ನಂಚಿನ ಚಿಕ್ಕ ಪ್ಲಾಸ್ಟಿಕ್ ಚೂರನ್ನು ಮುರಿದಳು. ಆ ಚೂರು ಹೋದರೆ ಯಂತ್ರ ನಮ್ಮ ಮೇಲೆ ಹೊಸದಾಗಿ ಏನನ್ನೂ ತುಂಬುವುದಿಲ್ಲ.

ಎರಡು ವರ್ಷ ಕಳೆಯಿತು. ರಂಗಮ್ಮನವರ ಕಣ್ಣು ಮಂಜಾಗುತ್ತ ಬಂತು. ನರವೇ ಒಣಗುತ್ತಿದೆ, ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ, ಹೆಚ್ಚೆಂದರೆ ಇನ್ನು ಆರು ತಿಂಗಳು ಕಣ್ಣು ಕಂಡೀತು ಎಂದರು ಡಾಕ್ಟರು. ಆ ಮಧ್ಯಾಹ್ನ ಅತ್ತೆ ಸೊಸೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಟೀವಿಯ ಮೇಲಿದ್ದೆ.

“ಅಂಬುಜಾ, ಒಂದು ಸುಳ್ಳು ಹೇಳಿದೀನಿ ಕಣೆ. ಆ ಸಿನಿಮಾದ ಕೊನೆ ನಾನು ನೋಡೇ ಇಲ್ಲ.”

“ಮೂರು ಸಲ ಅಂದ್ರಿ?”

“ಮೂರು ಸಲಾನೂ ಕೊನೆಗೆ ಮುಂಚೆ ಎದ್ದು ಓಡಿಬಂದೆ. ಆಟ ಬಿಡೋ ಹೊತ್ತಿಗೆ ನಿಮ್ಮ ಮಾವನವರ ತಟ್ಟೇಲಿ ಬಿಸಿ ಮುದ್ದೆ ಇರಬೇಕಿತ್ತು. ಕಣ್ಣು ಹೋಗೋದರೊಳಗೆ ಅದೊಂದು ನೋಡಿಬಿಡಬೇಕು ಅನ್ನಿಸುತ್ತೆ. ಹುಚ್ಚು ಅನ್ಕೊ.”

ಅಂಬುಜಾಕ್ಷಿ ಅವರೆಕಾಯಿ ಬಿಟ್ಟು ಎದ್ದಳು. ಮರುದಿನದಿಂದ ನೋಡಿ ಅವಳ ಬೇಟೆ! ಎಕ್ಸ್‌ಚೇಂಜಿನಲ್ಲಿ ಬಿಡುವಾದಾಗಲೆಲ್ಲ ಬೇರೆ ಊರಿನ ಆಪರೇಟರುಗಳನ್ನು ಹಿಡಿದು ಒಂದೇ ಪ್ರಶ್ನೆ. “ನಿಮ್ಮೂರಲ್ಲಿ ‘ಸುಂಕದವನ ಸೊಸೆ’ ಬಂದ ಭಾನುವಾರ ಕರೆಂಟಿತ್ತೇನ್ರೀ? ಯಾರಾದರೂ ಟೇಪ್ ಮಾಡಿದ್ರಾ?” ಕೋಲಾರ ಕೇಳಿದಳು, ಮಂಡ್ಯ ಕೇಳಿದಳು, ರಾಯಚೂರನ್ನೂ ಬಿಡಲಿಲ್ಲ. ಕಥೆಯ ಕೊನೆ ಹೇಳಲು ಬಾಯಿ ತೆರೆದವರ ಲೈನನ್ನು ಅಲ್ಲೇ ಕತ್ತರಿಸುತ್ತಿದ್ದಳಂತೆ. ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸುವಾಗ ನಾನು ಕೇಳಿದ್ದು ಇದೆಲ್ಲ.

ಐದನೇ ತಿಂಗಳಲ್ಲಿ ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿದಳು. “ಸಿಕ್ತು ಅತ್ತೆ! ಚಿತ್ರದುರ್ಗದಲ್ಲಿ ಸಿಕ್ತು!” ಅಲ್ಲಿನ ಆಪರೇಟರು ಫಿಲೋಮಿನಾಳ ಬೀದಿಯಲ್ಲಿ ರಹಮತ್ ಎಂಬ ಟೀವಿ ರಿಪೇರಿಯವನಿದ್ದ. ಅವನು ಅಂದು ಇಡೀ ಸಿನಿಮಾ ಹಿಡಿದಿದ್ದ. ಆದರೆ ಆಮೇಲೆ ಅದರ ಮೇಲೆಯೇ ತಂಗಿಯ ನಿಕಾಹ್ ತುಂಬಿಸಿಬಿಟ್ಟಿದ್ದ! ಪುಣ್ಯಕ್ಕೆ ನಿಕಾಹ್ ಬೇಗ ಮುಗಿದಿತ್ತು. ಸಿನಿಮಾದ ಕೊನೆಯ ಮೂರು ನಿಮಿಷ ಬಾಲದಲ್ಲಿ ಉಳಿದಿತ್ತು.

ರಹಮತ್ ತನ್ನ ವಿಸಿಆರನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದ. ಎರಡು ಯಂತ್ರ ಜೋಡಿಸಿದ. ನನ್ನನ್ನು ತಿರುಗಿಸಿ ನೋಡಿ ತಲೆ ಕೆರೆದ.

“ಅಕ್ಕಾ, ಇದರ ಚೂರು ಮುರಿದೈತೆ. ತೂತು ಮುಚ್ಚಿದ್ರೆ ತುಂಬಬಹುದು. ಆದ್ರೆ ಒಂದು ಚೂರು ಹಿಂದೆಮುಂದೆ ಆದ್ರೂ ಇರೋದೂ ಅಳಿಸಿಹೋಗ್ತದೆ. ಏನ್ ಮಾಡ್ಲಿ?”

ನನ್ನ ಸುರುಳಿಗಳೆಲ್ಲ ಬಿಗಿದುಕೊಂಡವು. ಅಂಬುಜಾಕ್ಷಿ ಅತ್ತೆಯ ಮುಖ ನೋಡಿದಳು. “ಮುಚ್ಚಪ್ಪ” ಎಂದಳು. ಅವನು ಗಾಯದ ಪಟ್ಟಿ ಅಂಟಿಸಿದ. ಕೊನೆ ಮೊದಲೇ ಕಣ್ಣಿಗೆ ಬಿದ್ದೀತೆಂದು ಅತ್ತೆ ಸೊಸೆ ಇಬ್ಬರೂ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡರು. ರಹಮತ್ ಉಸಿರು ಹಿಡಿದು ಬಟನ್ ಒತ್ತಿದ. ನನ್ನೊಳಗೆ ಕೊನೆ ಇಳಿಯತೊಡಗಿತು. ಏನೆಂದು ಹೇಳಲಿ, ಅದರಲ್ಲಿ ಒಂದೇ ಒಂದು ಮಾತಿಲ್ಲ! ಬರೀ ಕಾಲ್ಗೆಜ್ಜೆಯ ಸದ್ದು. ಒಳಗೋ ಹೊರಗೋ, ನನ್ನಾಣೆಗೂ ತಿಳಿಯಲಿಲ್ಲ.

ರಹಮತ್ ಊಟ ಮಾಡಿ ಹೊರಟ ಮೇಲೆ ಮೊದಲಿನಿಂದ ಹಾಕಿದರು. ರಂಗಮ್ಮ ಟೀವಿಗೆ ಗೇಣು ದೂರದಲ್ಲಿ ಮಣೆ ಹಾಕಿಕೊಂಡು ಕೂತರು. ಕಳ್ಳ ಸಿಕ್ಕ. ಅತ್ತೆ ಕರೆತಂದಳು. “ಬಾಮ್ಮ ಒಳಗೆ.” ಆಮೇಲೆ ಗೆಜ್ಜೆ, ಗೆಜ್ಜೆ, ಗೆಜ್ಜೆ. ಮೇಳದ ಸದ್ದು ಏರಿ ನಿಂತಿತು.

“ಅತ್ತೆ...” ಎಂದಳು ಅಂಬುಜಾಕ್ಷಿ, ಸಮಾಧಾನ ಮಾಡುವ ದನಿಯಲ್ಲಿ.

ರಂಗಮ್ಮ ಚಪ್ಪಾಳೆ ತಟ್ಟಿದರು! “ಹೋದ್ಲು! ಹೋದ್ಲು ಕಣೆ! ಹಿಂತಿರುಗಿ ಕೂಡ ನೋಡಲಿಲ್ಲ ಹುಡುಗಿ!”

“ಬರ್ತಾಳೆ ಅಂತ ನೀವೇ ಹಟ ಹಿಡಿದಿದ್ರಲ್ಲ?”

“ಮೂರು ಸಲವೂ ನಾನು ಓಡಿ ಓಡಿ ಮನೆಗೇ ಬಂದೆ. ಅವಳೂ ಬಂದಿದ್ರೆ ಏನು ಚಂದ? ಇನ್ನೊಂದ್ಸಲ ಹಾಕು.”

“ಅತ್ತೆ, ಸಾಯಂಕಾಲದ ಅಡುಗೆಗೆ ಏನೂ ಇಟ್ಟಿಲ್ಲ.”

“ಇಡಬೇಡ. ಯಾರು ಕೇಳ್ತಾರೆ? ಹಾಕು.”

ಅಂದು ಆ ಕೊನೆಯನ್ನು ನಾಲ್ಕು ಸಲ ಹಾಕಿದರು. ನನ್ನ ತಲೆ ತಿರುಗಿತು, ಆದರೂ ಅಂಥ ಸುಖ ಮತ್ತೆ ಕಂಡಿಲ್ಲ.

ಕಣ್ಣು ಪೂರ್ತಿ ಹೋದ ಮೇಲೂ ರಂಗಮ್ಮ ಬಿಡಲಿಲ್ಲ. “ಆ ಕೊನೆ ಒಂದು ಹಾಕೇ” ಎನ್ನುತ್ತಿದ್ದರು. ಗೆಜ್ಜೆ ಸದ್ದು ದೂರವಾಗುವವರೆಗೂ ನಗುತ್ತಿದ್ದರಂತೆ. ಅವರಿಗೂ ಕಾಣುತ್ತಿರಲಿಲ್ಲ, ನನಗೂ ಕಾಣುತ್ತಿರಲಿಲ್ಲ. ಹನ್ನೊಂದು ವರ್ಷ ಹಾಗೆ ಇಬ್ಬರೂ ಕೇಳಿದೆವು. ಅವರು ಹೋದ ಮೇಲೆ ನನ್ನನ್ನು ಬೀರುವಿನಲ್ಲಿಟ್ಟರು. ವಿಸಿಆರೂ ಸತ್ತಿತು.

ಮೊನ್ನೆ, ತಲೆ ನರೆತ ಅಂಬುಜಾಕ್ಷಿ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಹಳೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ಅಂಗಡಿಗೆ ಹೋದಳು. ಅಂಗಡಿಯ ಹೆಂಗಸು ನನ್ನ ಬೂಷ್ಟು ಒರೆಸಿ ಓಡಿಸಿದಳು. ಕೊನೆಗೆ ಬಂದಾಗ ಅವಳ ದನಿ ಸೋತಿತು.

“ಆಂಟಿ, ಎಲ್ಲ ಚೆನ್ನಾಗಿ ಬಂತು. ಕೊನೆಯ ಮೂರು ನಿಮಿಷ ಮಾತ್ರ ಸವೆದುಹೋಗಿದೆ, ಬರೀ ಚುಕ್ಕಿ. ತುಂಬಾ ಸಲ ಹಾಕಿದೀರಾ ಅನ್ಸುತ್ತೆ. ಏನಾಗುತ್ತೆ ಆಂಟಿ, ಅವಳು ಒಳಗೆ ಬರ್ತಾಳಾ?”

ಅಂಬುಜಾಕ್ಷಿ ನನ್ನ ಬೆನ್ನು ಸವರಿದಳು. ಅಳುತ್ತಾಳೇನೋ ಎಂದುಕೊಂಡೆ, ನಕ್ಕಳು.

“ನೋಡಬೇಕಾದೋರು ನೋಡಿ ಆಯ್ತಮ್ಮ. ನೀನೇನಂತೀಯ, ಬರ್ತಾಳಾ?”